ಎರಡು ಬಗೆಯ ಶಾಸನ: ವಿಕಲಚೇತನ ವಿದ್ಯಾರ್ಥಿಗಳ ಹಕ್ಕಿನ ಒಂದು ವಿಮರ್ಶೆ

ಕನ್ನಡದಲ್ಲಿ ‘ಶಾಸನ’ವೆಂಬ ಮಾತಿಗೆ ಎರಡು ಅರ್ಥಗಳುಂಟು: ಕಲ್ಲಿನಲ್ಲಿ ಕೊರೆದ ಬರಹ ಒಂದು, ರಾಜ್ಯವು ವಿಧಿಸಿದ ಕಾನೂನು ಮತ್ತೊಂದು. ಮಸ್ಕಿಯಲ್ಲಿ ೧೯೧೫ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನವು ಮೊದಲ ಬಗೆಯದು. ಆ ಚಕ್ರವರ್ತಿಯ ಹೆಸರನ್ನು ಸ್ಪಷ್ಟಪಡಿಸಿತೆಂದು ವಿದ್ವಾಂಸರು ಅದನ್ನು ಕೊಂಡಾಡುತ್ತಾರೆ. ಆದರೆ ಅದರ ತಿರುಳು ಬೇರೆಯೇ ಇದೆ. ಧರ್ಮದಲ್ಲಿ ತೊಡಗಿದವನು ಅಲ್ಪನಾದರೂ ಗುರಿಯನ್ನು ಮುಟ್ಟಬಲ್ಲನು, ಅದು ದೊಡ್ಡವರಿಗೆ ಮಾತ್ರ ಮೀಸಲಾದುದಲ್ಲ ಎಂಬುದೇ ಆ ತಿರುಳು. ಶಾಸನವನ್ನು ಓದುವವನು ಪದಪದವನ್ನೂ ತೂಗಿ ನೋಡುವನಷ್ಟೆ. ಅದೇ ಕ್ರಮದಿಂದ ಎರಡನೆಯ ಬಗೆಯ ಶಾಸನವೊಂದನ್ನು, ಎಂದರೆ ೨೦೧೬ರ ವಿಕಲಚೇತನರ ಹಕ್ಕುಗಳ ಅಧಿನಿಯಮದ ಶಿಕ್ಷಣಭಾಗವನ್ನು, ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಇದರ ಪೂರ್ವೇತಿಹಾಸವನ್ನು ಮರೆಯಲಾಗದು. ಮೈಸೂರಿನಲ್ಲಿ ೧೯೦೧ರಲ್ಲಿಯೇ ಕಿವುಡ ಮತ್ತು ಅಂಧ ಮಕ್ಕಳ ಶಾಲೆ ಆರಂಭವಾಯಿತು. ಸ್ವತಃ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು (೧೮೯೨–೧೯೪೪) ಮತ್ತು ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (೧೯೧೪–೨೦೧೦) ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅನೇಕ ಅಂಧ ಮಕ್ಕಳಿಗೆ ಅನ್ನ, ಆಶ್ರಯ, ಸಂಗೀತವಿದ್ಯೆಗಳನ್ನು ನೀಡಿದರು. ಈ ಸೇವೆಯ ಹಿರಿಮೆ ನಿರ್ವಿವಾದವಾದುದು. ಆದರೂ ದಾಸೋಹಕ್ಕೂ ಹಕ್ಕಿಗೂ ಅಂತರವಿದೆ: ಆಶ್ರಮದ ಬಾಗಿಲನ್ನು ತಲುಪದ ಮಗುವಿಗೆ ಕೇಳುವ ಅಧಿಕಾರವಿರಲಿಲ್ಲ. ೧೯೯೫ರ ಅಧಿನಿಯಮವು ೭ ಬಗೆಯ ವೈಕಲ್ಯಗಳನ್ನು ಗುರುತಿಸಿ ಆ ಅಧಿಕಾರಕ್ಕೆ ಅಡಿಪಾಯ ಹಾಕಿತು. ೨೦೧೭ರ ಏಪ್ರಿಲಿನಲ್ಲಿ ಜಾರಿಗೆ ಬಂದ ಹೊಸ ಅಧಿನಿಯಮವು ಅವನ್ನು ೨೧ಕ್ಕೆ ವಿಸ್ತರಿಸಿತು.

ಹೊಸ ಶಾಸನದ ಗುಣಗಳು ಹಲವು. ೧೬ನೆಯ ಪ್ರಕರಣವು ಭೇದವಿಲ್ಲದ ಪ್ರವೇಶವನ್ನೂ ಸುಗಮವಾದ ಕಟ್ಟಡವನ್ನೂ ವಿದ್ಯಾರ್ಥಿಯ ಅಗತ್ಯಕ್ಕೆ ತಕ್ಕ ಹೊಂದಾಣಿಕೆಯನ್ನೂ ವಿಧಿಸುತ್ತದೆ. ೧೭ನೆಯದು ಪರೀಕ್ಷೆಯಲ್ಲಿ ಹೆಚ್ಚಿನ ಕಾಲಾವಕಾಶ, ಬರೆಯುವ ಸಹಾಯಕ, ಎರಡನೆಯ ಹಾಗೂ ಮೂರನೆಯ ಭಾಷೆಗಳಿಂದ ವಿನಾಯಿತಿ ಮೊದಲಾದುವನ್ನು ಹೆಸರಿಸುತ್ತದೆ. ೩೧ನೆಯ ಪ್ರಕರಣದಂತೆ ಶೇಕಡಾ ೪೦ಕ್ಕೆ ಕಡಮೆಯಿಲ್ಲದ ವೈಕಲ್ಯವುಳ್ಳ ಮಗುವಿಗೆ ೬ರಿಂದ ೧೮ ವರ್ಷಗಳವರೆಗೆ, ನೆರೆಯ ಶಾಲೆಯಲ್ಲಾಗಲಿ ತಾನು ಆರಿಸಿದ ವಿಶೇಷ ಶಾಲೆಯಲ್ಲಾಗಲಿ, ಉಚಿತ ಶಿಕ್ಷಣದ ಹಕ್ಕುಂಟು.

ದೋಷಗಳು ಪದಗಳಲ್ಲಿ ಅಡಗಿವೆ. ೧೬ನೆಯ ಪ್ರಕರಣದ ಮೊದಲಲ್ಲಿಯೇ ಸರ್ಕಾರವು ‘ಪ್ರಯತ್ನಿಸತಕ್ಕದ್ದು’ ಎಂಬ ಅರ್ಥದ ಮಾತಿದೆ. ಪ್ರಯತ್ನವನ್ನು ಅಳೆಯುವ ಕೋಲು ಯಾವುದು? ಬೆಂಬಲವು ವೈಯಕ್ತಿಕವಾಗಿ ‘ಅಥವಾ ಅನ್ಯಥಾ’ ಇರಬಹುದೆಂದು ಅದೇ ಪ್ರಕರಣವು ಹೇಳುತ್ತದೆ. ಈ ‘ಅಥವಾ’ ಎಂಬ ಒಂದು ಪದದ ಮರೆಯಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯ ಪ್ರತ್ಯೇಕ ಅಗತ್ಯವು ಜಾರಿಹೋಗುವ ಸಂಭವವಿದೆ. ಅಮೆರಿಕದ ೧೯೭೫ರ ಕಾನೂನು ಪ್ರತಿ ಮಗುವಿಗೂ ತಂದೆತಾಯಿಗಳ ಸಹಭಾಗಿತ್ವದಲ್ಲಿ ಲಿಖಿತ ಯೋಜನೆಯನ್ನು ಸಿದ್ಧಪಡಿಸಿ ವರ್ಷಕ್ಕೊಮ್ಮೆಯಾದರೂ ಪುನಃಪರಿಶೀಲಿಸಬೇಕೆಂದಿತು. ನಮ್ಮ ಈ ಎರಡು ಪ್ರಕರಣಗಳಲ್ಲಿ ಅಂಥ ಲಿಖಿತ ಯೋಜನೆಯ ಕಟ್ಟಳೆ ಇಲ್ಲ. ಬರಹವಿಲ್ಲದ ವಾಗ್ದಾನಕ್ಕೆ ಸಾಕ್ಷಿಯಿಲ್ಲವೆಂಬುದನ್ನು ಇತಿಹಾಸದ ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ತೊಡಕು ಶೇಕಡಾ ೪೦ರ ಗೆರೆ. ಉಚಿತ ಶಿಕ್ಷಣಕ್ಕೆ ಹಾಕಿದ ಈ ಗೆರೆಯನ್ನು ಎಲ್ಲ ಹೊಂದಾಣಿಕೆಗಳಿಗೂ ಎಳೆಯುವ ರೂಢಿ ಬೆಳೆದಿತ್ತು. ಬರೆಯುವ ಸಹಾಯಕನನ್ನು ಪಡೆಯಲು ಆ ಪ್ರಮಾಣದ ವೈಕಲ್ಯವಿರಲೇಬೇಕೆಂಬುದು ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯವು ೨೦೨೧ರಲ್ಲಿ, ವಿಕಾಸ್ ಕುಮಾರ್ ಮೊಕದ್ದಮೆಯಲ್ಲಿ, ತೀರ್ಮಾನಿಸಿತು.

ಆದರೆ ದೋಷವೆಲ್ಲವೂ ಶಾಸನದ್ದೇ ಅಲ್ಲ. ಕೆಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಮಂದದೃಷ್ಟಿಯ ವಿದ್ಯಾರ್ಥಿಯೊಬ್ಬನಿದ್ದನು. ಅವನ ಉತ್ತರಪತ್ರಿಕೆಗಳು ಯಾವಾಗಲೂ ಅರ್ಧಕ್ಕೇ ನಿಲ್ಲುತ್ತಿದ್ದುವು. ಅದನ್ನು ನಾನು ಅಲಕ್ಷ್ಯವೆಂದೇ ಎಣಿಸಿದ್ದೆನು. ಹೆಚ್ಚಿನ ಕಾಲಾವಕಾಶವನ್ನು ಕೇಳಬಹುದೆಂದು ಅವನಿಗೂ ತಿಳಿದಿರಲಿಲ್ಲ, ಹೇಳಬೇಕಾಗಿದ್ದ ನನಗೂ ತಿಳಿದಿರಲಿಲ್ಲ. ಆ ಅಂಕಗಳನ್ನು ಹಾಕಿದವನು ನಾನೇ.

ಆದುದರಿಂದ ಕಾನೂನಿನ ತಿದ್ದುಪಡಿಗೆ ಕಾಯದೆ ನಾವು ಮಾಡಬಹುದಾದುದು ಒಂದಿದೆ. ಪ್ರವೇಶದ ಕಾಲದಲ್ಲಿಯೇ ವಿದ್ಯಾರ್ಥಿಯನ್ನೂ ಮನೆಯವರನ್ನೂ ಕೂರಿಸಿಕೊಂಡು, ಅವನಿಗೆ ಬೇಕಾದುದೇನು, ಅದನ್ನು ಒದಗಿಸುವವರು ಯಾರು, ಎಂದಿನೊಳಗೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಎಲ್ಲರೂ ರುಜು ಹಾಕುವುದು. ಇದಕ್ಕೆ ಯಾವ ಕಾನೂನೂ ಅಡ್ಡಬರುವುದಿಲ್ಲ. ಮಸ್ಕಿಯ ಬಂಡೆಯ ಬರಹವು ಎರಡು ಸಾವಿರ ವರ್ಷಗಳಿಗೂ ಮೀರಿ ಅಲ್ಲಿಯೇ ಇದ್ದಿತು. ಅದರ ಲಿಪಿಯನ್ನೇ ನಾಡು ಮರೆತಿತ್ತು. ಹೊಸ ಶಾಸನದ ಲಿಪಿಯನ್ನು ನಾವೆಲ್ಲರೂ ಬಲ್ಲೆವು. ಓದಲಿಲ್ಲವೆಂಬುದಕ್ಕೆ ನಮಗೆ ಆ ನೆಪವಿಲ್ಲ.