ಹರಿಪುರದ ಚಿತ್ರಗಳು: ಕಲೆಯೇ, ಕಸುಬೇ, ಪಾಠವೇ?

ಚಿತ್ರ ಬರೆಯುವವರನ್ನು ನಾವು ಮೂರು ಸಾಲುಗಳಲ್ಲಿ ಕೂರಿಸುತ್ತೇವೆ. ಮುಂದಿನ ಸಾಲು ಕಲಾವಿದನದು. ರಕ್ಷಾಪುಟ, ಪೋಸ್ಟರ್, ಜಾಹೀರಾತು ಮಾಡುವವನಿಗೆ ನಡುವಿನ ಸಾಲು. ಶಾಲೆಯ ಡ್ರಾಯಿಂಗ್ ಮಾಸ್ತರರಿಗೆ ಕೊನೆಯ ಬೆಂಚು. ಈ ಪಂಕ್ತಿಭೇದ ಎಷ್ಟು ಪೊಳ್ಳೆಂದು ತಿಳಿಯಬೇಕಾದರೆ ನಂದಲಾಲ್ ಬೋಸರ (1882–1966) ಕೆಲಸವನ್ನು ಒಟ್ಟಾಗಿ ನೋಡಬೇಕು.

1922ರಿಂದ 1951ರವರೆಗೆ ಅವರು ಶಾಂತಿನಿಕೇತನದ ಕಲಾಭವನದ ಮುಖ್ಯಸ್ಥರಾಗಿದ್ದರು. ಪಾಠ ಹೇಳುತ್ತಲೇ ಚಿತ್ರ ಬರೆದರು, ಪುಸ್ತಕಗಳಿಗೂ ಕೈ ಹಚ್ಚಿದರು. ರವೀಂದ್ರನಾಥ ಠಾಕೂರರು ಬಂಗಾಳಿ ಮಕ್ಕಳಿಗಾಗಿ ಬರೆದ ‘ಸಹಜ ಪಾಠ’ 1930ರಲ್ಲಿ ಬಂದಾಗ ಅದಕ್ಕೆ ಲಿನೋಕಟ್ ಚಿತ್ರಗಳನ್ನು ಮಾಡಿಕೊಟ್ಟವರು ಇವರೇ. ಅದೇ ವರ್ಷ ಕೋಲೂರಿ ದಂಡಿಯತ್ತ ನಡೆಯುವ ಗಾಂಧೀಜಿಯನ್ನೂ ಲಿನೋಕಟ್‌ನಲ್ಲೇ ಕೆತ್ತಿದರು. ಒಂದು ಮಕ್ಕಳ ಪುಸ್ತಕ, ಇನ್ನೊಂದು ದೇಶದ ಚರಿತ್ರೆ. ಕೈ ಮಾತ್ರ ಒಂದೇ. ಮಕ್ಕಳಿಗೆಂದು ಅದು ಸಡಿಲಾಗಲಿಲ್ಲ, ಮಹಾತ್ಮನೆಂದು ಬಿಗುವಾಗಲೂ ಇಲ್ಲ.

1938ರಲ್ಲಿ ಗುಜರಾತಿನ ಹರಿಪುರದಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಅದರ ಅಲಂಕಾರದ ಹೊಣೆಯನ್ನು ಗಾಂಧೀಜಿ ನಂದಲಾಲರಿಗೆ ವಹಿಸಿದರು. ಕೈಕಾಗದದ ಮೇಲೆ ಸರಳ ಬಣ್ಣಗಳಲ್ಲಿ ಅವರು ಬರೆದ ಪೋಸ್ಟರ್‌ಗಳು 80ಕ್ಕೂ ಹೆಚ್ಚು. ಶಿಷ್ಯರು ಮಾಡಿದ ಪ್ರತಿಗಳನ್ನೂ ಸೇರಿಸಿದರೆ ಸುಮಾರು 400. ಡೋಲು ಬಾರಿಸುವವ, ದರ್ಜಿ, ಬಡಗಿ, ಅಡಿಗೆಯ ಹೆಂಗಸು, ಬೇಟೆಗಾರ: ಇವರೇ ಅಲ್ಲಿನ ನಾಯಕರು. ಬಿಸಿಲಿನಲ್ಲಿ ನಡೆದುಬರುವ ರೈತನಿಗೆ ದೂರದಿಂದಲೇ ಕಾಣುವಂತೆ ದಪ್ಪ ರೇಖೆ, ಕೆಲವೇ ಬಣ್ಣ, ಸುತ್ತಲೂ ಕಮಾನು.

ಈ ಚಿತ್ರಗಳ ಬಲ ಎಲ್ಲಿದೆ? ನಮ್ಮ ಅಭಿಪ್ರಾಯದಲ್ಲಿ, ಅವು ಕಲಿಸಲು ಬರುವ ಚಿತ್ರಗಳಾಗಿರುವುದರಲ್ಲಿ. ಶಿಷ್ಯನೊಬ್ಬ ಮತ್ತೆ ಬರೆದರೂ ಜೀವ ಹೋಗದಷ್ಟು ಅದರ ರೇಖೆ ಖಚಿತವಾಗಿದೆ. ದಾರಿಹೋಕನಿಗೆ ಬೇಕಾದ ಸ್ಪಷ್ಟತೆ ಮತ್ತು ಶಿಷ್ಯನಿಗೆ ಬೇಕಾದ ಸ್ಪಷ್ಟತೆ ಇಲ್ಲಿ ಬೇರೆ ಬೇರೆಯಲ್ಲ. ಉರ್ದುವಿನಲ್ಲಿ ಓದು ಕಲಿತ ನಮಗೆ ಇದು ಅಪರಿಚಿತವೂ ಅಲ್ಲ. ಕಂಪ್ಯೂಟರ್ ಬರುವ ಮುಂಚೆ ಉರ್ದು ಪುಸ್ತಕದ ಪುಟಗಳನ್ನು ಕಾತಿಬರು ಕೈಯಿಂದಲೇ ಬರೆಯುತ್ತಿದ್ದರು. ಉಸ್ತಾದನ ಅಕ್ಷರವನ್ನು ಶಾಗಿರ್ದ್ ತಿದ್ದಿ ತಿದ್ದಿ ಕಲಿಯುತ್ತಿದ್ದ. ಅದು ಕಲೆಯೂ ಹೌದು, ಅಚ್ಚಿನ ಕೆಲಸವೂ ಹೌದು, ಪಾಠವೂ ಹೌದು.

ಇಲ್ಲೊಂದು ಪ್ರಶ್ನೆ ಏಳದೆ ಇರದು. ಪ್ರತಿ ಮಾಡಿದ ಶಿಷ್ಯರ ಹೆಸರು ಜನರ ಬಾಯಲ್ಲಿ ಉಳಿಯಲಿಲ್ಲ. ಉಳಿದದ್ದು ಗುರುವಿನ ಹೆಸರು. ಇದು ಕಲಿಕೆಯೋ, ಬಿಟ್ಟಿ ದುಡಿಮೆಯೋ? ಉತ್ತರ ಶಿಷ್ಯರು ಮುಂದೆ ಏನಾದರು ಎಂಬುದರಲ್ಲಿದೆ. ಅದೇ 1938ರಲ್ಲಿ ಶಾಂತಿನಿಕೇತನದಲ್ಲಿ ನಂದಲಾಲರ ಶಿಷ್ಯ ರಾಮಕಿಂಕರ್ ಬೈಜ್ ಸಿಮೆಂಟು ಮತ್ತು ಮುರಕಲ್ಲಿನ ಹರಳು ಕಲಸಿ ‘ಸಂತಾಲ್ ಕುಟುಂಬ’ವನ್ನು ನಿಲ್ಲಿಸಿದರು. ಅದರಲ್ಲಿ ಗುರುವಿನ ನಯವಾದ ರೇಖೆಯ ನೆರಳೂ ಇಲ್ಲ. ತನ್ನಂತಾಗದ ಶಿಷ್ಯನಿಗೂ ಎಡೆ ಕೊಟ್ಟವನೇ ಮೇಷ್ಟ್ರು.

ನಂದಲಾಲರ ಎಲ್ಲ ವಿನ್ಯಾಸಗಳೂ ಈ ಎತ್ತರಕ್ಕೆ ಏರಿಲ್ಲ. ಪ್ರೇಮ್ ಬಿಹಾರಿ ನಾರಾಯಣ್ ರಾಯ್‌ಜಾದಾ ಕೈಬರಹದಲ್ಲಿ ಬರೆದ ಸಂವಿಧಾನದ ಮೂಲ ಪ್ರತಿಯನ್ನು ಅವರೂ ಶಿಷ್ಯರೂ ಸೇರಿ ಚಿತ್ರಗಳಿಂದ ಸಿಂಗರಿಸಿದರು. ಅಲ್ಲಿ ಅಕ್ಬರ್, ಶಿವಾಜಿ, ಗುರು ಗೋವಿಂದ ಸಿಂಗರಿದ್ದಾರೆ. ರಾಣಿ ಲಕ್ಷ್ಮೀಬಾಯಿಯ ಜೊತೆ ನಮ್ಮ ಟಿಪ್ಪು ಸುಲ್ತಾನನೂ ಇದ್ದಾನೆ. ಎಲ್ಲರಿಗೂ ಎಡೆಯಿರುವ ಆ ಮನಸ್ಸು ದೊಡ್ಡದು. ಆದರೆ ಚಿತ್ರ ಮೇಲೆ, ಕಾನೂನು ಕೆಳಗೆ. ಒಂದರ ಮಾತು ಇನ್ನೊಂದಕ್ಕೆ ಕೇಳಿಸುವುದಿಲ್ಲ. ಹರಿಪುರದಲ್ಲಿ ದರ್ಜಿಯ ಚಿತ್ರವನ್ನು ದರ್ಜಿಯೇ ನೋಡಬಹುದಿತ್ತು. ಇಲ್ಲಿ ನೋಡುವವನು ಯಾರೆಂಬುದು ಚಿತ್ರಕ್ಕೇ ತಿಳಿಯದು.

ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ನಂದಲಾಲರ ಜೊತೆ ಕಲಿತವರು ಮೈಸೂರು ಸಂಸ್ಥಾನದ ಕೆ. ವೆಂಕಟಪ್ಪ. ಅವರು ಊರಿಗೆ ಮರಳಿ ಏಕಾಂತದ ದಾರಿ ಹಿಡಿದರು. ಊಟಿಯ ಮಂಜನ್ನು ಜಲವರ್ಣದಲ್ಲಿ ಹಿಡಿದಿಟ್ಟರು, ವೀಣೆ ನುಡಿಸಿದರು. ಆ ದಾರಿಗೂ ನಮ್ಮ ಗೌರವವಿದೆ. ಕರ್ನಾಟಕದಲ್ಲಿ ಕಲಾವಿದ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಆ ಒಂಟಿ ಮನುಷ್ಯನೇ. ಹರಿಪುರ ಇನ್ನೊಂದು ದಾರಿಯನ್ನು ತೋರಿಸುತ್ತದೆ. ಅಲ್ಲಿ ಕಲಾವಿದನ ಸುತ್ತ ಶಿಷ್ಯರಿದ್ದಾರೆ, ಎದುರಿಗೆ ಜನರಿದ್ದಾರೆ.

ಚಿತ್ರ ಬರೆಯುವ ಮಗನಿಗೆ, ಮಗಳಿಗೆ ‘ಕೊನೆಗೆ ಡ್ರಾಯಿಂಗ್ ಮಾಸ್ತರಾಗುತ್ತೀಯೇನು?’ ಎಂದು ಕೇಳುವ ಮನೆಗಳು ಇಂದಿಗೂ ಇವೆ. ಆಗಲಿ, ಅದರಲ್ಲಿ ಕುಂದೇನು? ಕೇಳಬೇಕಾದದ್ದು ಬೇರೆ: ಆ ಮಾಸ್ತರರ ಕೈಗೆ ನಮ್ಮ ಶಾಲೆಗಳು ವಾರಕ್ಕೆ ಎಷ್ಟು ಪೀರಿಯಡ್ ಕೊಟ್ಟಿವೆ?