ಎಂಜಿನ್ ಆರಿದರೂ ಆರದ ಒತ್ತಡ

ಕೆನಡಾದ ಸಸ್ಕಾಚೆವಾನ್, ಅಮೆರಿಕದ ಮಿನ್ನೆಸೋಟದಂಥ ಸೀಮೆಗಳಲ್ಲಿ ಹಿಮ ಬೀಳುವ ಮುನ್ನ ಟ್ರ್ಯಾಕ್ಟರನ್ನು ಶೆಡ್ಡಿಗೆ ಸೇರಿಸುವುದೇ ಒಂದು ದೊಡ್ಡ ಕೆಲಸ. ರೇಡಿಯೇಟರಿಗೆ ಹೆಪ್ಪುಗಟ್ಟದ ಕೂಲೆಂಟ್ ಹಾಕಬೇಕು, ಡೀಸೆಲ್ ಟ್ಯಾಂಕ್ ತುಂಬಿಸಬೇಕು, ಬ್ಯಾಟರಿ ಬಿಚ್ಚಿಡಬೇಕು. ಈ ಪಟ್ಟಿಯಲ್ಲಿ ಎಲ್ಲೋ ಒಂದು ಕಡೆ ‘ಹೈಡ್ರಾಲಿಕ್ ಒತ್ತಡ ಬಿಡಿಸಿ’ ಎಂಬ ಸಾಲೂ ಇರುತ್ತದೆ. ಸಲಹೆ ಸರಿಯಾದದ್ದೇ. ಅದಕ್ಕೆ ಕೊಡುವ ಕಾರಣ ಮಾತ್ರ ಬಡಕಲು.

ಆ ಕಾರಣ ಸೀಲು. ತಿಂಗಳುಗಟ್ಟಲೆ ಭಾರ ಹೊತ್ತು ನಿಂತರೆ ಸಿಲಿಂಡರಿನ ಸೀಲು ಕುಗ್ಗಿ ಸೋರುತ್ತದೆ ಎನ್ನುತ್ತಾರೆ. ಕೊರೆಯುವ ಚಳಿಗೆ ರಬ್ಬರ್ ಬಿರುಸಾಗುವುದು ನಿಜ. ಆದರೆ ದುಡಿಯುವಾಗ 150-200 ಬಾರ್ ತಾಳುವ ಸೀಲು, ಸುಮ್ಮನೆ ಎತ್ತಿಟ್ಟ ನೇಗಿಲಿನ ಭಾರಕ್ಕೇ ಹಾಳಾಗುತ್ತದೆಂದರೆ ನನಗೆ ಅಷ್ಟಾಗಿ ನಂಬಿಕೆ ಬರುವುದಿಲ್ಲ. ಅಲ್ಲದೆ ಹಳೇ ಲಿಫ್ಟುಗಳಲ್ಲಿ ಸಂಜೆ ಎತ್ತಿಟ್ಟ ಕಲ್ಟಿವೇಟರ್ ಬೆಳಗಾಗುವಷ್ಟರಲ್ಲಿ ನೆಲ ಮುಟ್ಟಿರುತ್ತದೆ. ವಾಲ್ವಿನ ಸಂದಿಯಲ್ಲಿ ಎಣ್ಣೆ ನುಸುಳಿ ಒತ್ತಡ ತಾನಾಗಿಯೇ ಇಳಿದಿರುತ್ತದೆ. ಅಪಾಯವಿರುವುದು ಹೀಗೆ ಹೇಳದೆ ಕೇಳದೆ ಇಳಿಯುವುದರಲ್ಲಿ. ಕೆಳಗೆ ಗ್ರೀಸ್ ಹೊಡೆಯಲು ಕೂತವನ ಬೆನ್ನಿಗೆ ಮುನ್ಸೂಚನೆ ಸಿಗುವುದಿಲ್ಲ.

ಹೀಗೆ ಎಣ್ಣೆಯ ಒತ್ತಡದಿಂದ ಸಲಕರಣೆ ಎತ್ತಿ ಹಿಡಿಯುವ, ಹ್ಯಾರಿ ಫರ್ಗ್ಯೂಸನ್ ರೂಪಿಸಿದ ಲಿಫ್ಟ್ 1939ರಲ್ಲಿ ಫೋರ್ಡ್ 9ಎನ್ ಮೂಲಕ ಅಮೆರಿಕದ ಹೊಲಗಳಿಗೆ ಬಂತು. ಅದಕ್ಕೆ ಮುಂಚೆ ಬಹುಪಾಲು ಸಲಕರಣೆಗಳು ಟ್ರ್ಯಾಕ್ಟರಿನ ಹಿಂದೆ ನೆಲದ ಮೇಲೇ ಎಳೆಸಿಕೊಂಡು ಬರುತ್ತಿದ್ದವು. ಫರ್ಗ್ಯೂಸನ್ ಆ ಭಾರವನ್ನು ಎಣ್ಣೆಯ ಮೇಲೆ ಕೂರಿಸಿದ. ಎಂಜಿನ್ ನಿಂತರೆ ಯಂತ್ರ ನಿಂತಂತೆ ಎಂಬ ಲೆಕ್ಕ ಅಲ್ಲಿಗೆ ಮುಗಿಯಿತು. ರೈತರ ರೂಢಿಯಲ್ಲಿ ಅದಿನ್ನೂ ಮುಗಿದಿಲ್ಲ.

ಭಾರಕ್ಕಿಂತ ಘೋರವಾದದ್ದು ಪೈಪಿನ ಸಣ್ಣ ತೂತು. ಸುಮಾರು 7 ಬಾರ್ ಒತ್ತಡದ ಎಣ್ಣೆಯೇ ಸೂಜಿಯಂತೆ ಚರ್ಮದೊಳಗೆ ಹೊಕ್ಕೀತು ಎಂದು ಎಚ್ಚರಿಸಲಾಗುತ್ತದೆ. ಹೊರಗೆ ಕಾಣುವುದು ಒಂದು ಚುಕ್ಕೆ; ಕೆಲವೇ ಗಂಟೆಗಳಲ್ಲಿ ಶಸ್ತ್ರಚಿಕಿತ್ಸೆ ಆಗದಿದ್ದರೆ ಬೆರಳೋ ಕೈಯೋ ಹೋದೀತು. ಸೋರಿಕೆ ಹುಡುಕಲು ಬೆರಳಾಡಿಸದೆ ರಟ್ಟು ಹಿಡಿಯಿರಿ ಎನ್ನುವುದು ಇದಕ್ಕೇ. ಯಂತ್ರದಲ್ಲಿ ಉಳಿದ ಶಕ್ತಿಯನ್ನು ಬಿಡಿಸಿದ ಮೇಲೆಯೇ ರಿಪೇರಿಗೆ ಕೈಹಾಕಬೇಕೆಂದು ಅಮೆರಿಕ ತನ್ನ ಕಾರ್ಖಾನೆಗಳಿಗೆ 1989ರಲ್ಲಿ ಹೊರಡಿಸಿದ ನಿಯಮ ಕೃಷಿಯನ್ನು ಹೊರಗಿಟ್ಟಿತು. ಚಳಿಗಾಲದ ಆ ಒಂದು ಸಾಲಿಗೆ ಬೆಲೆ ಇರುವುದು ಇಲ್ಲಿ. ಸೀಲಿನ ಮಾತೆತ್ತಿದರೆ ಅದು ವರ್ಷಕ್ಕೊಮ್ಮೆಯ ಕೆಲಸ. ಕೈಯ ಮಾತೆತ್ತಿದರೆ ದಿನಾ ಸಂಜೆಯ ಕೆಲಸ.

ಸಲಹೆ ಅರೆಬರೆ ಕೂಡ. ಲೋಡರನ್ನು ನೆಲಕ್ಕಿಳಿಸಿದರೆ ಸಾಲದು. ಎಂಜಿನ್ ಆರಿಸಿದ ಮೇಲೆ ಪ್ರತಿ ಲಿವರನ್ನೂ ಎರಡೂ ಕಡೆ ಆಡಿಸಬೇಕು. ವಾಲ್ವುಗಳು ವಿದ್ಯುತ್ತಿನಿಂದ ತೆರೆಯುವ ಹೊಸ ಟ್ರ್ಯಾಕ್ಟರುಗಳಲ್ಲಿ ಕೀಲಿ ತಿರುಗಿಸಿಡದಿದ್ದರೆ ಈ ಆಟವೆಲ್ಲ ವ್ಯರ್ಥ. ಮುಂದಿನ ಆಕ್ಸಲ್ಲಿಗೆ ಸಸ್ಪೆನ್ಷನ್ ಇರುವ ದೊಡ್ಡ ಗಾಡಿಗಳಲ್ಲಿ ನೈಟ್ರೋಜನ್ ತುಂಬಿದ ಅಕ್ಯುಮುಲೇಟರ್ ಇರುತ್ತದೆ. ಲಿಫ್ಟ್ ಇಳಿಸಿದ ಮಾತ್ರಕ್ಕೆ ಅದರ ಒತ್ತಡ ಹೋಗುವುದಿಲ್ಲ. ಅದಕ್ಕೆ ಕಂಪನಿಯ ಪುಸ್ತಕವೇ ಗತಿ. ನೆಲದ ವಿಷಯವೂ ಇದೆ. ಹಸಿ ಮಣ್ಣಿಗೆ ಇಳಿಸಿದ ಬಕೆಟ್ ಹಿಮಕ್ಕೆ ಕಚ್ಚಿಕೊಂಡು ಕೂರುತ್ತದೆ, ಕೆಳಗೆ ಹಲಗೆ ಬೇಕು. ಸಿಲಿಂಡರಿನಿಂದ ಹೊರಗುಳಿದ ರಾಡ್‌ಗೆ ಗ್ರೀಸ್ ಬಳಿಯಬೇಕು. ತುಕ್ಕು ಹಿಡಿದ ರಾಡ್ ಸೀಲನ್ನು ಗೀರಿ ಹಾಕುತ್ತದೆ. ಸೀಲು ಉಳಿಸುವುದೇ ಗುರಿಯಾಗಿದ್ದರೆ ಮೊದಲು ಹೇಳಬೇಕಾದದ್ದು ಇದನ್ನು.

ಚಳಿಯಲ್ಲಿ ಎಣ್ಣೆ ಕುಗ್ಗುತ್ತದೆ, ಒತ್ತಡವೂ ತಗ್ಗುತ್ತದೆ. ಹಾಗಾಗಿ ಒತ್ತಡ ಬಿಡಿಸುವ ರೂಢಿ ಹೆಚ್ಚು ಬೇಕಾದದ್ದು ಬಿಸಿಲು ನಾಡಿಗೆ. ಕಾವು 10 ಡಿಗ್ರಿ ಏರಿದರೆ ಎಣ್ಣೆ ಸುಮಾರು ಶೇ. 0.7ರಷ್ಟು ಹಿಗ್ಗುತ್ತದೆ, ಮುಚ್ಚಿದ ಸಿಲಿಂಡರಿನಲ್ಲಿ ಅದಕ್ಕೆ ಜಾಗವಿಲ್ಲ. ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಿಗೆ ಬಿಟ್ಟ ಹೈಡ್ರಾಲಿಕ್ ಪಲ್ಟಿ ನೇಗಿಲಿನ ಪೈಪನ್ನು ಮುಂಗಾರಿಗೆ ಟ್ರ್ಯಾಕ್ಟರಿಗೆ ಸಿಕ್ಕಿಸಹೋದರೆ ಕಪ್ಲಿಂಗ್ ಕೂರುವುದೇ ಇಲ್ಲ. ಆಗ ಒಬ್ಬರು ಸುತ್ತಿಗೆ ತರುತ್ತಾರೆ, ಇನ್ನೊಬ್ಬರು ಸ್ಪ್ಯಾನರ್ ಹಾಕಿ ನಟ್ ಸಡಿಲಿಸುತ್ತಾರೆ. ಎಣ್ಣೆ ಮುಖಕ್ಕೆ ಚಿಮ್ಮುತ್ತದೆ. ಹಂಗಾಮು ಮುಗಿದಾಗ ನೇಗಿಲು ನೆಲಕ್ಕಿಳಿಸಿ, ಎಂಜಿನ್ ಆರಿಸಿ, ಲಿವರನ್ನು ನಾಲ್ಕು ಸಲ ಹಿಂದೆ ಮುಂದೆ ಆಡಿಸಿ ಪೈಪು ಬಿಚ್ಚಿದ್ದರೆ ಅದು ಬರಿಗೈಯಲ್ಲೇ ಕೂರುತ್ತಿತ್ತು.