ಹಿಡಿತ ಸಡಿಲವಿರಲಿ

ಗ್ಲೂಕೋಸ್ ಪತ್ತೆಗೆಂದು ಹೊಸ ನ್ಯಾನೊ ಶೋಧಕ ಕಟ್ಟಿದವರಲ್ಲಿ ಹಲವರು ಮೊದಲು ಹೇಳುವುದೇ ‘ಇಷ್ಟು ಕಡಿಮೆ ಇದ್ದರೂ ಹಿಡಿಯುತ್ತದೆ’ ಎಂದು. ಜೀವಂತ ಕೋಶದೊಳಗೆ ಅಳೆಯಬೇಕಾದವರಿಗೆ ಈ ಪೈಪೋಟಿಯಿಂದ ಕಾಸಿನ ಪ್ರಯೋಜನವಿಲ್ಲ.

ಈ ಮಾತು ಬಂದಾಗಲೆಲ್ಲ ನಾನು ಮರಳುವುದು 2003ರಲ್ಲಿ ಮಾರ್ಕಸ್ ಫೆರ್, ವುಲ್ಫ್ ಫ್ರೊಮ್ಮರ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಬಂಧಕ್ಕೆ. ಇ. ಕೋಲೈ ಬ್ಯಾಕ್ಟೀರಿಯಾದ ಸಕ್ಕರೆ ಹಿಡಿಯುವ ಪ್ರೋಟೀನಿನ ಎರಡು ತುದಿಗೆ ಅವರು ನೀಲಿಹಸಿರು ಮತ್ತು ಹಳದಿ ಬೆಳಕಿನ ಪ್ರೋಟೀನುಗಳನ್ನು ಜೋಡಿಸಿದರು. ಗ್ಲೂಕೋಸ್ ಬಂದು ಕೂತರೆ ನಡುವಿನ ಪ್ರೋಟೀನು ಮಗ್ಗಲು ಬದಲಿಸುತ್ತದೆ. ಎರಡು ಬಣ್ಣಗಳ ಅನುಪಾತ ಜರುಗುತ್ತದೆ. ಅನುಪಾತವಾದ್ದರಿಂದ ಒಂದು ಕೋಶದಲ್ಲಿ ಶೋಧಕ ಹೆಚ್ಚು, ಇನ್ನೊಂದರಲ್ಲಿ ಕಡಿಮೆ ಇದ್ದರೂ ಲೆಕ್ಕ ಕೆಡುವುದಿಲ್ಲ. 2-ಎನ್‌ಬಿಡಿಜಿಯಂಥ ಹೊಳೆಯುವ ನಕಲಿ ಸಕ್ಕರೆಯನ್ನೇ ನೆಚ್ಚಿಕೊಂಡವರಿಗೆ ನಾನು ಹೇಳುತ್ತಾ ಬಂದಿರುವುದೂ ಇದನ್ನೇ: ನಿಮಗೆ ಕಾಣುವುದು ಒಳಹೊಕ್ಕ ನಕಲಿ, ಒಳಗಿರುವ ಗ್ಲೂಕೋಸ್ ಅಲ್ಲ.

ಆದರೆ ಆ ಪ್ರಬಂಧದ ನಿಜವಾದ ಜಾಣ್ಮೆ ಬಣ್ಣದಲ್ಲಿಲ್ಲ, ಹಿಡಿತದಲ್ಲಿದೆ. ಮೊದಲು ಕಟ್ಟಿದ ಶೋಧಕ ಬರೀ 170 ನ್ಯಾನೊಮೋಲಾರ್ ಗ್ಲೂಕೋಸಿಗೇ ಅರ್ಧ ಭರ್ತಿಯಾಗುತ್ತಿತ್ತು. ಉಪವಾಸದಲ್ಲಿರುವವರ ರಕ್ತದಲ್ಲೇ ಗ್ಲೂಕೋಸ್ ಸುಮಾರು 5 ಮಿಲಿಮೋಲಾರ್ ಇರುತ್ತದೆ. ಕೋಶದೊಳಗೆ ಅಷ್ಟಿರದಿದ್ದರೂ ಅದರ ಸಣ್ಣ ಪಾಲೇ ಈ ಶೋಧಕವನ್ನು ಪೂರ್ತಿ ತುಂಬಿಸಿಬಿಡುತ್ತದೆ. ಆಮೇಲೆ ಏರಿಳಿತ ಎಷ್ಟಾದರೂ ಅದಕ್ಕೆ ತಿಳಿಯದು. ಆದ್ದರಿಂದ ಪ್ರೋಟೀನಿನ 16ನೇ ಸ್ಥಾನದ ಫಿನೈಲ್‌ಅಲನಿನ್ ತೆಗೆದು ಅಲನಿನ್ ಇಟ್ಟರು. ಒಂದೇ ಅಮೈನೊ ಆಮ್ಲ ಬದಲಾಗಿ ಹಿಡಿತ ಮೂರು ಸಾವಿರ ಪಟ್ಟಿಗೂ ಹೆಚ್ಚು ಸಡಿಲಾಯಿತು, 590 ಮೈಕ್ರೊಮೋಲಾರ್‌ಗೆ ಬಂತು. ಆ ಸಡಿಲ ಶೋಧಕವೇ ಕೋತಿಯ ಮೂತ್ರಪಿಂಡದಿಂದ ಬೆಳೆಸಿದ ಕಾಸ್-7 ಕೋಶಗಳಲ್ಲಿ ಗ್ಲೂಕೋಸಿನ ಏರಿಳಿತವನ್ನು ತೋರಿಸಿಕೊಟ್ಟಿತು.

ನಮ್ಮ ದೇಹವೂ ಈ ದಾರಿಯನ್ನೇ ಹಿಡಿದಿದೆ. ಸ್ನಾಯುವಿನಲ್ಲಿ ಗ್ಲೂಕೋಸಿಗೆ ಫಾಸ್ಫೇಟ್ ಜೋಡಿಸುವ ಕಿಣ್ವ ಹೆಕ್ಸೊಕೈನೇಸ್. ಅದು ಗ್ಲೂಕೋಸನ್ನು ಬಿಗಿಯಾಗಿ ಹಿಡಿಯುತ್ತದೆ; ಊಟದ ನಂತರ ಸಕ್ಕರೆ ಏರಿದರೂ ಅದರ ವೇಗ ಹೆಚ್ಚೇನೂ ಬದಲಾಗದು. ಇನ್ಸುಲಿನ್ ಸುರಿಸುವ ಬೀಟಾ ಕೋಶಗಳಲ್ಲಿ ಆ ಕೆಲಸ ಗ್ಲೂಕೋಕೈನೇಸಿನದು. ಅದು ಅರ್ಧ ವೇಗಕ್ಕೆ ಬರುವುದೇ ಸುಮಾರು 8 ಮಿಲಿಮೋಲಾರ್‌ನಲ್ಲಿ. ಹಿಡಿತ ಸಡಿಲವಾದ್ದರಿಂದಲೇ ರಕ್ತದ ಸಕ್ಕರೆ ಏರಿದ್ದು, ಇಳಿದದ್ದು ಆ ಕೋಶಕ್ಕೆ ಗೊತ್ತಾಗುತ್ತದೆ.

ಶೋಧಕ ಕಟ್ಟುವ ಯುವ ಸಂಶೋಧಕರಲ್ಲಿ ನನ್ನ ಕೋರಿಕೆ ಇಷ್ಟೆ. ಅಳೆಯಬೇಕಾದ ಜಾಗದಲ್ಲಿ ಗ್ಲೂಕೋಸ್ ಎಷ್ಟಿದೆ ಎಂದು ಮೊದಲು ಕೇಳಿ, ಹಿಡಿತವನ್ನು ಅದಕ್ಕೆ ಹೊಂದಿಸಿ. ಎಷ್ಟು ಕಡಿಮೆ ಕಾಣುತ್ತದೆ ಎನ್ನುವ ಮುನ್ನ, ಎಲ್ಲಿಂದ ಎಲ್ಲಿವರೆಗೆ ಅಳೆಯುತ್ತದೆ ಎಂದು ಬರೆಯಿರಿ.